ಹಳೆಯ ಟ್ರಾಕ್ಟರು ಕೀಲಿಗೇ ಚಾಲೂ ಆಗಬೇಕು

ಮುಂಗಾರಿನ ಹದಮಳೆ ಬಿದ್ದು ನೆಲ ಕಾಲಿಗೆ ಹತ್ತದಂತಾದ ದಿನ ನಮ್ಮ ಯಾವ ಊರಿಗೆ ಹೋದರೂ ಒಂದು ನೋಟ ಕಾಣಸಿಗುತ್ತದೆ. ಬೇಸಿಗೆಯೆಲ್ಲ ಬೇವಿನ ಮರದ ಕೆಳಗೆ ನಿಂತಿದ್ದ ಹಳೆಯ ಟ್ರಾಕ್ಟರನ್ನು ನಾಲ್ಕೈದು ಜನ ಸೇರಿ ತಳ್ಳುತ್ತಿರುತ್ತಾರೆ. ಅದು ಕೆಮ್ಮುತ್ತದೆ, ನಿಲ್ಲುತ್ತದೆ. ಆಮೇಲೆ ನೆರೆಯವನ ಟ್ರಾಕ್ಟರು ತಂದು ಸರಪಳಿ ಕಟ್ಟಿ ಎಳೆಯುತ್ತಾರೆ. ಇನ್ನೊಬ್ಬರು ಬಾನೆಟ್ಟಿನ ಪಕ್ಕದಲ್ಲಿ ನೆಲದ ಮೇಲೆ ನಿಂತು, ಸ್ಕ್ರೂಡ್ರೈವರಿನಿಂದ ಸೆಲ್ಫಿನ ಎರಡು ತುದಿಗಳನ್ನು ಮುಟ್ಟಿಸಿ ಕಿಡಿ ಹಾರಿಸುತ್ತಾರೆ. ಕೊನೆಗೆ ಹೇಗೋ ಚಾಲೂ ಆಗುತ್ತದೆ. ಹಾಗೆ ಚಾಲೂ ಆದದ್ದನ್ನು ಮತ್ತೆ ನಿಲ್ಲಿಸಲು ಭಯ. ಊಟಕ್ಕೆ ಕುಳಿತಾಗಲೂ ಬದುವಿನ ಮೇಲೆ ಡುಗುಡುಗು ಎನ್ನುತ್ತಾ ಡೀಸೆಲ್ ಕುಡಿಯುತ್ತಿರುತ್ತದೆ.

ಇದನ್ನು ನಮ್ಮ ರೈತರು ತಮಾಷೆಯಾಗಿಯೋ, ಹಳೆಯ ಯಂತ್ರದ ಹಣೆಬರಹವೆಂದೋ ತೆಗೆದುಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಹಳೆಯದಾದ ಮಾತ್ರಕ್ಕೆ ಯಾವ ಟ್ರಾಕ್ಟರೂ ಕೀಲಿಗೆ ಚಾಲೂ ಆಗದಿರಲು ಕಾರಣವಿಲ್ಲ. ಚಾಲೂ ಆಗದಿರುವುದು ಒಂದು ರೋಗ. ತಳ್ಳುವುದು, ಎಳೆಯುವುದು, ಕಿಡಿ ಹಾರಿಸುವುದು ಅದಕ್ಕೆ ಔಷಧವಲ್ಲ. ಇವುಗಳಲ್ಲಿ ಕೊನೆಯದಂತೂ ಮನುಷ್ಯರನ್ನು ಕೊಲ್ಲುವ ಅಭ್ಯಾಸ.

ಬೇಸಾಯಶಾಸ್ತ್ರದವನಿಗೆ ಎಂಜಿನ್ನಿನ ಗೊಡವೆ ಏಕೆಂದು ಕೃಷಿ ಎಂಜಿನಿಯರಿಂಗ್ ವಿಭಾಗದ ಮಿತ್ರರು ಹುಬ್ಬೇರಿಸಬಹುದು. ಕಾರಣವಿದೆ. ಒಣಬೇಸಾಯದಲ್ಲಿ ನಾವು ಬಿತ್ತುವುದು ದಿನಾಂಕಕ್ಕಲ್ಲ, ಹದಕ್ಕೆ. ಎರೆಭೂಮಿಯಲ್ಲಿ ಮಳೆಯ ಮರುದಿನ ಕಾಲಿಟ್ಟರೆ ಮಣ್ಣು ಹತ್ತುತ್ತದೆ. ಗಾಲಿ ಹೊಲ ಹೊಕ್ಕರೆ ನೆಲ ಒತ್ತಿ ಇಟ್ಟಿಗೆಯಾಗುತ್ತದೆ. ತಡ ಮಾಡಿದರೆ ಮೇಲಿನ ಎರಡು ಮೂರು ಅಂಗುಲ ಗಾಳಿಗೆ ಆರಿ ಹೆಂಟೆಯೇಳುತ್ತದೆ. ಇವೆರಡರ ನಡುವೆ ಸಿಗುವುದು ಮೂರು ನಾಲ್ಕು ದಿನ. ಮಸಾರಿ ಭೂಮಿಯಲ್ಲಿ ಇನ್ನೂ ಕಡಿಮೆ. ಆ ಮೂರು ದಿನಗಳಲ್ಲಿ ಒಂದೂವರೆ ದಿನ ಮೆಕ್ಯಾನಿಕ್‌ನ ದಾರಿ ಕಾಯುವುದರಲ್ಲಿ ಕಳೆದರೆ, ಬೀಜೋಪಚಾರ, ತಳಿಯ ಆಯ್ಕೆ, ಸಾಲಿನ ಅಂತರ ಎಂದು ನಾವು ವರ್ಷವಿಡೀ ಹೇಳಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆಯೇ.

ಧಾರವಾಡ-ಗದಗ ಕಡೆಯ ಹೆಸರಿನ ಬೆಳೆಯನ್ನು ತೆಗೆದುಕೊಳ್ಳಿ. ಜೂನ್ ಮೊದಲ ಹದಕ್ಕೆ ಬಿದ್ದ ಹೆಸರು 65ರಿಂದ 75 ದಿನಗಳಲ್ಲಿ ಕೈಗೆ ಬಂದು, ಆಗಸ್ಟ್ ಮುಗಿಯುವಷ್ಟರಲ್ಲಿ ಹೊಲ ತೆರವಾಗುತ್ತದೆ. ಅದೇ ಹೊಲವನ್ನು ಹರಗಿ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಿಂಗಾರಿ ಜೋಳ ಅಥವಾ ಕಡಲೆ ಬಿತ್ತುತ್ತೇವೆ. ಮೊದಲ ಹದ ತಪ್ಪಿ ಇನ್ನೊಂದು ಮಳೆಗೆ ಕಾಯಬೇಕಾಯಿತೆಂದರೆ ಹೆಸರು ಮಾತ್ರ ಹಿಂದೆ ಬೀಳುವುದಿಲ್ಲ. ಅದರ ಬೆನ್ನಿಗಿರುವ ಜೋಳವೂ ಹಿಂದೆ ಬೀಳುತ್ತದೆ. ಕಾಳು ಕಟ್ಟುವ ಹೊತ್ತಿಗೆ ನೆಲದ ತೇವ ಇಳಿದಿರುತ್ತದೆ. ಒಂದು ಸತ್ತ ಬ್ಯಾಟರಿ ಎರಡು ಬೆಳೆಗೆ ಬೀಳುವ ಹೊಡೆತ ಹೀಗೆ.

ಹಾಗಾದರೆ ಹಳೆಯದನ್ನು ಮಾರಿ ಹೊಸತು ತರಬೇಕೇ? ಹಾಗೆಂದು ನಾನು ಹೇಳಲಾರೆ. ಟ್ರಾಕ್ಟರಿನ ಸಾಲ ತೀರಿ ಲಾಭವಾಗಬೇಕಾದರೆ ವರ್ಷಕ್ಕೆ ಸುಮಾರು ಸಾವಿರ ಗಂಟೆಗಳ ಕೆಲಸ ಬೇಕೆಂಬುದು ಬಹು ಹಿಂದಿನಿಂದ ಹೇಳಿಕೊಂಡು ಬಂದ ಲೆಕ್ಕ. ಹತ್ತು ಹದಿನೈದು ಎಕರೆ ಒಣಭೂಮಿಯಲ್ಲಿ ಅದರ ಅರ್ಧದಷ್ಟೂ ಕೆಲಸ ಹುಟ್ಟುವುದಿಲ್ಲ. ಅಂಥ ಹಿಡುವಳಿಗೆ ಸಾಲವಿಲ್ಲದ ಹಳೆಯ ಟ್ರಾಕ್ಟರು, ಮನೆಯಲ್ಲಿ ಹುಟ್ಟಿ ಬೆಳೆದ ಎತ್ತಿನ ಹಾಗೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಮೂವತ್ತು ನಲವತ್ತು ವರ್ಷದ ಮ್ಯಾಸ್ಸಿ 1035, ಮಹೀಂದ್ರ ಬಿ-275, ಫೋರ್ಡ್ 3600, ಐಷರ್, ಸ್ವರಾಜ್, ಎಚ್.ಎಂ.ಟಿ. ಯಂತ್ರಗಳು ದುಡಿಯುತ್ತಿವೆ. ಎಚ್.ಎಂ.ಟಿ. ಎಂದಾಗ ನಮ್ಮವರಿಗೆ ಬೆಂಗಳೂರಿನ ಕೈಗಡಿಯಾರ ನೆನಪಾಗುತ್ತದೆ. ಅದೇ ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಅಂದಿನ ಜೆಕೊಸ್ಲೊವಾಕಿಯದ ಜೆಟರ್ ವಿನ್ಯಾಸವನ್ನು ಹಿಡಿದು ಟ್ರಾಕ್ಟರು ಕಟ್ಟಲು ಆರಂಭಿಸಿತು. 2016ರಲ್ಲಿ ಆ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಮುಚ್ಚಿದರೂ ಅದರ ಎರಡು ಸಿಲಿಂಡರಿನ 2511 ಇಂದಿಗೂ ಹೊಲದಲ್ಲಿದೆ. ಅದರಲ್ಲಿ ಗಣಕದ ಕೆಲಸವಿಲ್ಲ. ಊರ ಮೆಕ್ಯಾನಿಕ್ ಸ್ಪ್ಯಾನರಿನಿಂದ ಬಿಚ್ಚಿ ಜೋಡಿಸಬಲ್ಲ. 2023ರ ಜನವರಿಯಿಂದ 50 ಅಶ್ವಶಕ್ತಿಗೂ ಮೇಲಿನ ಹೊಸ ಟ್ರಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿ, ಅವುಗಳ ಇಂಧನ ವ್ಯವಸ್ಥೆ ವಿದ್ಯುನ್ಮಾನವಾಗಿದೆ. ಅದು ಗಾಳಿಗೆ ಒಳ್ಳೆಯದೇ. ಆದರೆ ಅವನ್ನು ಮರದ ಕೆಳಗೆ ಬಿಚ್ಚಿ ಕೂರುವ ಹಾಗಿಲ್ಲ.

ಎಬ್ಬಿಸುವುದೂ ಒಂದು ವಿದ್ಯೆ

ಟ್ರಾಕ್ಟರಿನ ಚರಿತ್ರೆಯನ್ನು ನೋಡಿದರೆ, ಅದನ್ನು ಚಾಲೂ ಮಾಡುವುದು ಯಾವ ಕಾಲಕ್ಕೂ ಸುಲಭವಾಗಿರಲಿಲ್ಲ. 1917ರಲ್ಲಿ ಅಮೆರಿಕದಲ್ಲಿ ಬಂದ ಫೋರ್ಡ್‌ಸನ್ನಿಗೆ ಬ್ಯಾಟರಿಯೇ ಇರಲಿಲ್ಲ. ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಜರ್ಮನಿಯ ಲಾಂಝ್ ಬುಲ್‌ಡಾಗಿನ ತಲೆಯನ್ನು ಬ್ಲೋಲ್ಯಾಂಪಿನ ಬೆಂಕಿಯಿಂದ ಕಾಯಿಸಿ, ಸ್ಟಿಯರಿಂಗ್ ಚಕ್ರವನ್ನೇ ಕಿತ್ತು ಪಕ್ಕಕ್ಕೆ ಸಿಕ್ಕಿಸಿ, ಅದರಿಂದ ಗಾಲಿಯನ್ನು ಹಿಂದೆ ಮುಂದೆ ತೂಗಿ ಎಬ್ಬಿಸುತ್ತಿದ್ದರು. ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಎಂಬುದಕ್ಕೆ ಹೊಗೆಯಾಡುವ ಕಾಗದವೊಂದನ್ನು ಒಳಗಿಟ್ಟು, ಬಂದೂಕಿನ ತೋಟಾದಂಥದ್ದನ್ನು ಸುತ್ತಿಗೆಯಿಂದ ಹೊಡೆದು ಸಿಡಿಸುವ ಏರ್ಪಾಡಿತ್ತು. 1946ರಲ್ಲಿ ಕೊವೆಂಟ್ರಿಯಲ್ಲಿ ತಯಾರಾದ ಪುಟ್ಟ ಫರ್ಗ್ಯೂಸನ್ನಿನಲ್ಲಿ ಮಾತ್ರ ಒಂದು ಜಾಣತನವಿತ್ತು. ಗೇರಿನ ಸನ್ನೆಯನ್ನೇ ಚಾಲೂ ಮಾಡುವ ಮನೆಗೆ ತಳ್ಳಿದರೆ ಸೆಲ್ಫ್ ತಿರುಗುತ್ತಿತ್ತು. ಅಂದರೆ ಗೇರು ಬಿದ್ದಿರುವಾಗ ಅದು ಚಾಲೂ ಆಗುವುದೇ ಸಾಧ್ಯವಿರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಹ್ಯಾಂಡಲ್ ತಿರುಗಿಸುತ್ತಿದ್ದ ಕಾಲದ ಚಾಲಕರಿಗೆ ಒಂದು ಶಿಸ್ತು ಇತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು, ಹ್ಯಾಂಡಲಿನ ಸುತ್ತ ಹಾಕಬಾರದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಎಂಜಿನ್ನು ಹಿಂದಕ್ಕೆ ಒದ್ದರೆ ಕೈ ತಾನಾಗಿ ಬಿಟ್ಟುಕೊಳ್ಳಲಿ ಎಂದು. ಈಗಲೂ ಹ್ಯಾಂಡಲ್ ಇರುವ ಯಂತ್ರ ನಿಮ್ಮಲ್ಲಿದ್ದರೆ ಇದೇ ಕ್ರಮ. ಬಟನ್ ಬಂದಮೇಲೆ ಆ ಶಿಸ್ತು ಹೋಯಿತು, ಅಪಾಯ ಮಾತ್ರ ಹೋಗಲಿಲ್ಲ.

ಡೀಸೆಲ್ ಎಂಜಿನ್ನಿಗೆ ಕಿಡಿಯ ಪ್ಲಗ್ಗಿಲ್ಲ. ಒಳಗೆಳೆದ ಗಾಳಿಯನ್ನು ಹದಿನಾರು ಹದಿನೆಂಟನೆಯ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯುತ್ತದೆ. ಆ ಕಾವಿಗೆ ಸಿಂಪಡಿಸಿದ ಡೀಸೆಲ್ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ನಿಧಾನವಾಗಿ ಹೊಡೆದರೆ ಬಿಸಿಯಾಗುವುದಿಲ್ಲ. ಇಲ್ಲಿಯೂ ಅಷ್ಟೆ. ಎಂಜಿನ್ನು ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತಾದರೂ ತಿರುಗದಿದ್ದರೆ ಒತ್ತಿದ ಗಾಳಿ ಸವೆದ ರಿಂಗುಗಳ ಸಂದಿಯಿಂದ ನುಸುಳುತ್ತದೆ, ಕಾವು ತಣ್ಣನೆಯ ಗೋಡೆಗೆ ಹೋಗುತ್ತದೆ. ಆದುದರಿಂದ ಬ್ಯಾಟರಿಯ ಕೆಲಸ ಎಂಜಿನ್ನನ್ನು ತಿರುಗಿಸುವುದಷ್ಟೇ ಅಲ್ಲ, ಬೇಗ ತಿರುಗಿಸುವುದು. "ಸೆಲ್ಫ್ ತಿರುಗ್ತದೆ ಸಾರ್, ಆದರೆ ಹಿಡಿಯೋದಿಲ್ಲ" ಎನ್ನುವವರು ಮೊದಲು ನೋಡಬೇಕಾದದ್ದು ಅದು ಎಷ್ಟು ಬೇಗ ತಿರುಗುತ್ತದೆ ಎಂಬುದನ್ನು.

ಇಲ್ಲಿ ಹೆಚ್ಚಿನವರು ಮಾಡುವ ಖರ್ಚು ತಪ್ಪು ಕಡೆಗೆ ಹೋಗುತ್ತದೆ. ಸೆಲ್ಫ್ ಬಿಚ್ಚಿಸುತ್ತಾರೆ, ಪಂಪನ್ನು ಪೇಟೆಗೆ ಕಳುಹಿಸುತ್ತಾರೆ, ತಂತಿಯನ್ನು ನೋಡುವುದಿಲ್ಲ. ಚಾಲೂ ಮಾಡುವಾಗ ಸೆಲ್ಫ್ ನೂರಾರು ಆಂಪಿಯರ್ ಎಳೆಯುತ್ತದೆ. 200 ಆಂಪಿಯರ್ ಹರಿಯುವಾಗ ದಾರಿಯಲ್ಲಿ ಎಲ್ಲೋ ಒಂದು ಓಮಿನ ನೂರನೆಯ ಒಂದು ಪಾಲು ತಡೆಯಿದ್ದರೂ ಸಾಕು, 12 ವೋಲ್ಟಿನಲ್ಲಿ 2 ವೋಲ್ಟು ಅಲ್ಲೇ ಸುಟ್ಟುಹೋಗುತ್ತದೆ. ಆ ತಡೆ ಇರುವುದು ಸಾಮಾನ್ಯವಾಗಿ ಬ್ಯಾಟರಿಯ ತುದಿಯ ಮೇಲಿನ ಬಿಳಿ ಹಸಿರು ಹೂವಿನಲ್ಲಿ, ಅಥವಾ ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ಥಿನ ಪಟ್ಟಿಯ ಬುಡದಲ್ಲಿ. ಅದರ ಮೇಲೆ ಯಾರೋ ಬಣ್ಣ ಬಳಿದಿರುತ್ತಾರೆ, ಕೆಳಗೆ ತುಕ್ಕು. ಪಟ್ಟಿಯನ್ನು ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದರೆ ಅರ್ಧ ಗಂಟೆಯ ಕೆಲಸ. ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟಿನಷ್ಟು ತೋರಿಸಬೇಕು. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಆಯುಷ್ಯ ಮುಗಿಯುತ್ತ ಬಂದಿದೆ. ಕೆಲವು ಹಳೆಯ ಇಂಗ್ಲಿಷ್ ಟ್ರಾಕ್ಟರುಗಳಲ್ಲಿ ಧನ ತುದಿಯೇ ಅರ್ಥಿಗೆ ಸೇರಿರುತ್ತದೆ. ಇನ್ನೊಂದು ಟ್ರಾಕ್ಟರಿನ ಬ್ಯಾಟರಿಯಿಂದ ತಂತಿ ಕೊಡುವ ಮುನ್ನ ಇದನ್ನು ನೋಡಿಕೊಳ್ಳಿ.

ಬೇಗ ತಿರುಗಿಯೂ ಹಿಡಿಯದಿದ್ದರೆ ಸೈಲೆನ್ಸರ್ ಕಡೆ ಕಣ್ಣು ಹಾಯಿಸಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಕೊಳವೆಯಲ್ಲಿ ಗಾಳಿ ಸೇರಿದೆ, ಫಿಲ್ಟರ್ ಕಟ್ಟಿದೆ, ಇಲ್ಲವೇ ಎಂಜಿನ್ ಬಂದ್ ಮಾಡುವ ಗುಬುಟನ್ನು ಎಳೆದು ಹಾಗೆಯೇ ಬಿಟ್ಟಿದ್ದಾರೆ (ಇದು ನೀವು ಎಣಿಸುವುದಕ್ಕಿಂತ ಹೆಚ್ಚು ಸಲ ನಡೆಯುತ್ತದೆ). ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಸುಡಲು ಕಾವು ಸಾಲದು. ಕಪ್ಪು ಹೊಗೆಯಾದರೆ ಗಾಳಿ ಸಾಲದು, ಏರ್ ಕ್ಲೀನರ್ ನೋಡಿ. ನೀಲಿಯಾದರೆ ಆಯಿಲ್ ಸುಡುತ್ತಿದೆ. ಗಾಳಿ ತೆಗೆಯುವುದಕ್ಕೂ ಕ್ರಮವಿದೆ: ಮೊದಲು ಫಿಲ್ಟರಿನ ತಿರುಪು, ಆಮೇಲೆ ಪಂಪಿನದು, ಕೊನೆಗೆ ನಾಜಲ್ಲಿನ ಕೊಳವೆಯ ನಟ್ಟು. ಪ್ರತಿಯೊಂದರಲ್ಲೂ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ ತಿರುಪನ್ನು ಬಿಗಿಯಬೇಕು. ನಾಜಲ್ಲಿನ ಬಳಿ ಮಾತ್ರ ಸೆಲ್ಫ್ ತಿರುಗಿಸಬೇಕಾಗುತ್ತದೆ. ನಾಜಲ್ಲಿನ ಕೊಳವೆ ಸೋರುತ್ತಿದೆಯೇ ಎಂದು ಬರಿಗೈಯಿಂದ ತಡವಬಾರದು. ಅಲ್ಲಿನ ಒತ್ತಡಕ್ಕೆ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೊಕ್ಕುತ್ತದೆ. ಗಾಯ ಸಣ್ಣದಾಗಿ ಕಂಡರೂ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವವರಿಗೆ ಒಂದೇ ಮಾತು: ಪಂಪಿಗೆ ಜಾರಿಕೆ ಕೊಡುವುದು ಡೀಸೆಲ್ಲೇ, ಲೀಟರಿನಲ್ಲಿ ಉಳಿಸಿದ್ದನ್ನು ಪಂಪಿನ ರಿಪೇರಿಯಲ್ಲಿ ತೆರುತ್ತೀರಿ.

ಬೀದರ, ಕಲಬುರಗಿ, ವಿಜಯಪುರದ ಕಡೆ ಡಿಸೆಂಬರ್-ಜನವರಿಯ ಮುಂಜಾವಿನ ಚಳಿಗೆ ಹಳೆಯ ಎಂಜಿನ್ನು ಮೊಂಡು ಹಿಡಿಯುತ್ತದೆ. ಬಿಸಿ ಮಾಡುವ ಪ್ಲಗ್ಗೋ ಥರ್ಮೋಸ್ಟಾರ್ಟೋ ಇರುವ ಯಂತ್ರದಲ್ಲಿ ಕೀಲಿಯನ್ನು ಕಾಯಿಸುವ ಮನೆಯಲ್ಲಿ ಹದಿನೈದು ಇಪ್ಪತ್ತು ಸೆಕೆಂಡು ಹಿಡಿದು ಆಮೇಲೆ ತಿರುಗಿಸಬೇಕು. ಇದು ಕೆಟ್ಟು ಎಷ್ಟೋ ವರ್ಷವಾಗಿರುವುದರಿಂದ ಅದಿದೆ ಎಂಬುದೇ ಮನೆಯವರಿಗೆ ಮರೆತಿರುತ್ತದೆ. ಅದರ ಬದಲು ಡೀಸೆಲ್ಲಿನಲ್ಲಿ ಅದ್ದಿದ ಚಿಂದಿಗೆ ಬೆಂಕಿ ಹಚ್ಚಿ ಗಾಳಿಯ ಬಾಯಿಗೆ ಹಿಡಿಯುತ್ತಾರೆ. ತತ್ವ ಒಂದೇ, ಆದರೆ ಉರಿಯುವ ನೂಲು ಒಳಗೆ ಹೋಗುತ್ತದೆ, ಮುಖವೂ ಸುಡುತ್ತದೆ. ಈಥರಿನ ಡಬ್ಬಿಯನ್ನಂತೂ ಬಿಸಿ ಮಾಡುವ ಪ್ಲಗ್ಗಿರುವ ಎಂಜಿನ್ನಿಗೆ ತೋರಿಸಲೇಬಾರದು. ಅದು ಹೊತ್ತಬೇಕಾದ ಹೊತ್ತಿಗಿಂತ ಮೊದಲೇ ಸಿಡಿದು ರಿಂಗು, ಪಿಸ್ಟನ್ ಒಡೆಯುತ್ತದೆ. ಹ್ಞಾಂ, ಸೆಲ್ಫನ್ನು ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ ಅರ್ಧ ನಿಮಿಷವಾದರೂ ತಣಿಯಲು ಬಿಡಿ.

ನೆಲದ ಮೇಲೆ ನಿಂತು ಚಾಲೂ ಮಾಡುವವರು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೀಲಿಯ ಸ್ವಿಚ್ಚು ಕೆಟ್ಟಿರುತ್ತದೆ, ಇಲ್ಲವೇ ಸೊಲೆನಾಯ್ಡಿಗೆ ಹೋಗುವ ಸಣ್ಣ ತಂತಿ ಕಡಿದಿರುತ್ತದೆ. ರಿಪೇರಿ ಮಾಡಿಸುವ ಬದಲು ಚಾಲಕ ಕೆಳಗಿಳಿದು, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ನಿಂತು, ಸ್ಕ್ರೂಡ್ರೈವರನ್ನೋ ಕುಡುಗೋಲನ್ನೋ ಅಡ್ಡ ಇಟ್ಟು ಸೆಲ್ಫ್ ತಿರುಗಿಸುತ್ತಾನೆ. ಗೇರು ನ್ಯೂಟ್ರಲಿನಲ್ಲಿದ್ದರೆ ಏನೂ ಆಗುವುದಿಲ್ಲ. ನೂರು ಸಲ ಏನೂ ಆಗುವುದಿಲ್ಲ. ನೂರಾ ಒಂದನೆಯ ಸಲ, ನಿನ್ನೆ ಸಂಜೆ ಯಾರೋ ಇಳಿಜಾರಿನಲ್ಲಿ ಜಾರದಿರಲೆಂದು ಗೇರು ಹಾಕಿ ನಿಲ್ಲಿಸಿರುತ್ತಾರೆ. ಹಳೆಯ ಎಂಜಿನ್ನು ಅಂದೇ ಒಂದೇ ಸುತ್ತಿಗೆ ಹಿಡಿಯುತ್ತದೆ. ಟ್ರಾಕ್ಟರು ಮುಂದಕ್ಕೆ ಚಿಮ್ಮುತ್ತದೆ, ಆಳೆತ್ತರದ ಹಿಂದಿನ ಗಾಲಿ ಅವನು ನಿಂತಲ್ಲಿಗೇ ಬರುತ್ತದೆ. ಸರಿಯಲು ಸಮಯವಿರುವುದಿಲ್ಲ. ನಿಲ್ಲಿಸಲು ಮೇಲೆ ಯಾರೂ ಇರುವುದಿಲ್ಲ. ಟ್ರಾಕ್ಟರಿರುವ ದೇಶಗಳಲ್ಲೆಲ್ಲ ರೈತರು ಸತ್ತ ಬಗೆಗಳಲ್ಲಿ ಇದೂ ಒಂದು; ತಯಾರಕರು ಸೆಲ್ಫಿನ ಮೇಲೆಯೇ ಎಚ್ಚರಿಕೆಯ ಚೀಟಿ ಅಂಟಿಸುವಷ್ಟು.

ಫರ್ಗ್ಯೂಸನ್ನಿನ ಗೇರಿನ ಸನ್ನೆಯ ಮಾತು ಇದಕ್ಕಾಗಿಯೇ ಹೇಳಿದೆ. ಗೇರು ಬಿದ್ದಿರುವಾಗ ಚಾಲೂ ಆಗಬಾರದೆಂಬ ವಿವೇಕ ಆಗಲೇ ಇತ್ತು. ಆಮೇಲಿನ ಅನೇಕ ಟ್ರಾಕ್ಟರುಗಳಲ್ಲೂ ಕ್ಲಚ್ ಒತ್ತದೆ ಅಥವಾ ನ್ಯೂಟ್ರಲಿಗೆ ತಾರದೆ ಸೆಲ್ಫಿಗೆ ಕರೆಂಟು ಹೋಗದಂತೆ ಸಣ್ಣದೊಂದು ಸ್ವಿಚ್ಚು ಇಟ್ಟಿದ್ದರು. ನಮ್ಮಲ್ಲಿ ಅದು ಕೆಟ್ಟ ದಿನವೇ ಎಲೆಕ್ಟ್ರಿಶಿಯನ್ ಎರಡು ತಂತಿಯನ್ನು ನೇರ ಹೆಣೆದು, "ಇನ್ನು ಚಿಂತೆಯಿಲ್ಲ ಗೌಡ್ರೇ" ಎಂದು ಹೋಗಿರುತ್ತಾನೆ. ಅಲ್ಲಿಂದಲೇ ಚಿಂತೆ ಶುರು. ಆ ಸ್ವಿಚ್ಚು ದೊಡ್ಡ ಬೆಲೆಯ ಸಾಮಾನೇನಲ್ಲ. ಅದನ್ನು ಮತ್ತೆ ಹಾಕಿಸಿ. ಸೊಲೆನಾಯ್ಡಿನ ತುದಿಗಳ ಮೇಲೆ ಹಳೆಯ ಟ್ಯೂಬಿನ ರಬ್ಬರನ್ನೋ ತಗಡಿನ ಮುಚ್ಚಳವನ್ನೋ ಬಿಗಿಸಿ. ತಗಡಾದರೆ ಅದು ತುದಿಗಳಿಗೆ ತಾಗದಿರಲಿ. ಸ್ಕ್ರೂಡ್ರೈವರ್ ಇಡಲು ಜಾಗವಿಲ್ಲದಿದ್ದರೆ ಆಳು ಮಗನೂ ಇಡುವುದಿಲ್ಲ, ಯಜಮಾನನೂ ಇಡುವುದಿಲ್ಲ. ಸೀಟಿನಲ್ಲಿ ಕುಳಿತಲ್ಲದೆ ಟ್ರಾಕ್ಟರು ಚಾಲೂ ಮಾಡಕೂಡದು ಎಂಬ ಒಂದೇ ನಿಯಮವನ್ನು ಮನೆಯಲ್ಲಿ ಹಿರಿಯರು ಜಾರಿಗೆ ತಂದರೆ ಸಾಕು. ಇದನ್ನು ಬೇಸಾಯದ ಶಿಫಾರಸಿನಷ್ಟೇ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಸರಪಳಿ ಕಟ್ಟಿ ಎಳೆಯುವುದು ಇದಕ್ಕಿಂತ ಕಡಿಮೆ ಕೆಟ್ಟದ್ದೇನಲ್ಲ. ಎಳೆಯುವ ಟ್ರಾಕ್ಟರಿನ ಸರಪಳಿಯನ್ನು ಹಿಂದಿನ ಆಕ್ಸಲಿಗಿಂತ ಮೇಲೆ, ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿದರೆ, ಜಗ್ಗಿದ ಕೂಡಲೇ ಮೂತಿ ಮೇಲೆದ್ದು ಟ್ರಾಕ್ಟರು ಹಿಂದಕ್ಕೆ ಮಗುಚುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಹಳೆಯ ಟ್ರಾಕ್ಟರುಗಳಲ್ಲಿ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟೂ ಇಲ್ಲ. ಎಳೆಯಲೇಬೇಕಾದರೆ ಡ್ರಾಬಾರಿಗೇ ಕಟ್ಟಬೇಕು. ಯಂತ್ರಕ್ಕೂ ಕೇಡಿದೆ. ಹೆಡ್ ಗ್ಯಾಸ್ಕೆಟ್ ಸೋರಿ ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಸೆಲ್ಫ್ ತಿರುಗಲಾರದೆ ಅಲ್ಲೇ ನಿಲ್ಲುತ್ತದೆ; ಅದು ಎಂಜಿನ್ನು ಹೇಳುವ ಮಾತು. ಆ ಮಾತನ್ನು ಕೇಳದೆ ಎಳೆದರೆ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡು ಬಾಗುತ್ತದೆ. ಇನ್ನು ದಿಬ್ಬದ ಮೇಲೆ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟು ಮಲಗುವವರು, ಆ ಕಲ್ಲಿನ ಸುತ್ತ ಮಕ್ಕಳು ಆಡುವುದನ್ನು ನೋಡಿಲ್ಲವೇ?

ಚಾಲೂ ಆದ ಮೇಲೆ

ಚಾಲೂ ಆದ ಕೂಡಲೇ ಎಕ್ಸಲರೇಟರ್ ಎಳೆದು ಗರ್ಜಿಸುವಂತೆ ಮಾಡುವುದು ಹಳೆಯ ಎಂಜಿನ್ನಿನ ಆಯುಷ್ಯವನ್ನು ಕಡಿಯುತ್ತದೆ. ಆಯಿಲಿನ ಒತ್ತಡದ ಮುಳ್ಳು ಏರಿದ ಮೇಲೆ, ಮೂರು ನಾಲ್ಕು ನಿಮಿಷ ಸಾಧಾರಣ ವೇಗದಲ್ಲಿ ಬಿಟ್ಟು, ಹಗುರ ಕೆಲಸದಿಂದ ಆರಂಭಿಸಬೇಕು. ರೇಡಿಯೇಟರ್ ಕುದಿಯುತ್ತದೆಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವ ಚಟ ನಮ್ಮ ಮೆಕ್ಯಾನಿಕ್ಕುಗಳಿಗಿದೆ. ಕುದಿಯುವುದಕ್ಕೆ ಕಾರಣ ರೇಡಿಯೇಟರಿನ ಸಂದಿಗಳಲ್ಲಿ ಕಟ್ಟಿದ ಹೊಟ್ಟು, ಸಡಿಲಾದ ಫ್ಯಾನ್ ಬೆಲ್ಟು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ನು 80-90 ಡಿಗ್ರಿಯ ಕಾವಿಗೆ ಬೇಗ ಏರುವುದೇ ಇಲ್ಲ. ಸುಡದ ಡೀಸೆಲ್ ಕೆಳಗಿಳಿದು ಆಯಿಲನ್ನು ತೆಳುವಾಗಿಸುತ್ತದೆ, ಲೈನರ್ ಸವೆಯುತ್ತದೆ, ಮರುವರ್ಷ ಚಾಲೂ ಆಗುವುದು ಇನ್ನಷ್ಟು ಕಷ್ಟ. ಎಲ್ಲಕ್ಕಿಂತ ದೊಡ್ಡ ಶತ್ರು ದೂಳು. ಎಣ್ಣೆ ಬಟ್ಟಲಿನ ಏರ್ ಕ್ಲೀನರನ್ನು ಒಕ್ಕಣೆಯ ದಿನಗಳಲ್ಲಿ ದಿನವೂ ತೆರೆದು ನೋಡಬೇಕು. ಗುರುತಿನಷ್ಟೇ ಎಣ್ಣೆ ಇರಬೇಕು. ಹೆಚ್ಚು ಹಾಕಿದರೆ ಎಂಜಿನ್ನು ಆ ಎಣ್ಣೆಯನ್ನೇ ಹೀರಿ ತಾನಾಗಿ ವೇಗ ಏರಿಸಿಕೊಂಡು ಹೋಗಬಹುದು. ಹಾಗಾದಾಗ ಡೀಸೆಲ್ ಬಂದ್ ಮಾಡಿದರೂ ನಿಲ್ಲದು. ಗಾಳಿಯ ಬಾಯಿಯನ್ನು ಹಲಗೆಯಿಂದ ಮುಚ್ಚಬೇಕು. ಬರಿಗೈ ಬೇಡ.

ಹಳೆಯ ಟ್ರಾಕ್ಟರಿಗೆ ಯಾವ ಕೆಲಸ ಹೇಳಬೇಕೆಂಬುದರಲ್ಲಿ ಬೇಸಾಯಶಾಸ್ತ್ರದವನಿಗೆ ಒಂದಿಷ್ಟು ಅಧಿಕಾರವಿದೆ ಎಂದುಕೊಂಡಿದ್ದೇನೆ. ಕುಂಟೆ, ಕಲ್ಟಿವೇಟರ್, ಬೀಜ-ಗೊಬ್ಬರದ ಕೂರಿಗೆ, ಎಡೆ ಹೊಡೆಯುವುದು, ಗೊಬ್ಬರ ಸಾಗಣೆ ಇವು ಮೂವತ್ತೈದು ಅಶ್ವಶಕ್ತಿಯ ಹಳಬನಿಗೆ ಹೇಳಿ ಮಾಡಿಸಿದ ಕೆಲಸ. ತೂಕವೂ ಕಡಿಮೆ, ನೆಲ ಕಡಿಮೆ ಒತ್ತುತ್ತದೆ. ರೋಟವೇಟರ್ ಬೇಡ. ಒಂದೇ ಕ್ಲಚ್ಚಿನ ಯಂತ್ರದಲ್ಲಿ ಕ್ಲಚ್ ಒತ್ತಿದಾಗ ಪಿ.ಟಿ.ಓ.ಗೆ ಎಂಜಿನ್ನಿನ ಬಲ ತಪ್ಪುತ್ತದೆ. ಆದರೆ ತಿರುಗುತ್ತಿರುವ ರೋಟವೇಟರಿನ ಭಾರ ಗೇರುಪೆಟ್ಟಿಗೆಯನ್ನು ಹಿಂದಿನಿಂದ ತಳ್ಳಿ, ಬದುವಿನ ಅಂಚಿನಲ್ಲಿ ನಿಲ್ಲಬೇಕಾದ ಟ್ರಾಕ್ಟರು ಇನ್ನೂ ಎರಡು ಮಾರು ಮುಂದೆ ಹೋಗುತ್ತದೆ. ಅಂಥ ಭಾರಿ ಕೆಲಸವನ್ನೂ ಆಳವಾದ ಮಾಗಿ ಉಳುಮೆಯನ್ನೂ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರದಿಂದ ಮಾಡಿಸಿಕೊಳ್ಳುವುದು ಅಗ್ಗ. ಪಿ.ಟಿ.ಓ. ಸಿಂಪರಣಾ ಯಂತ್ರಕ್ಕೆ ಹಳೆಯ ಟ್ರಾಕ್ಟರನ್ನು ಬಳಸುವವರು ಇನ್ನೊಂದನ್ನು ಗಮನಿಸಬೇಕು. ಸುತ್ತಿನ ಗಡಿಯಾರ ಕೆಟ್ಟಿದ್ದರೆ ಪಿ.ಟಿ.ಓ. 540 ಸುತ್ತು ತಿರುಗುತ್ತಿದೆಯೋ 400 ತಿರುಗುತ್ತಿದೆಯೋ ತಿಳಿಯದು. ವೇಗ ತಪ್ಪಿದರೆ ಒತ್ತಡ ತಪ್ಪುತ್ತದೆ, ಎಕರೆಗೆ ಬೀಳುವ ಔಷಧದ ಪ್ರಮಾಣವೂ ತಪ್ಪುತ್ತದೆ. ಸುತ್ತು ಅಳೆಯುವ ಸಲಕರಣೆ ಇರುವವರಿಂದ ಒಮ್ಮೆ ಅಳೆಸಿ, ಎಕ್ಸಲರೇಟರ್ ಸನ್ನೆಯ ಬಳಿ ಬಣ್ಣದ ಗೆರೆ ಎಳೆದಿಟ್ಟುಕೊಳ್ಳಿ.

ಕಬ್ಬಿನ ಹಂಗಾಮಿನಲ್ಲಿ ಇದೇ ಹಳಬನಿಗೆ ಎರಡು ಟ್ರೇಲರ್ ಕಟ್ಟಿ ಕಾರ್ಖಾನೆಗೆ ಓಡಿಸುವುದನ್ನು ನಾನು ಒಪ್ಪಲಾರೆ. ಎಳೆಯುವ ಶಕ್ತಿ ಇರಬಹುದು, ನಿಲ್ಲಿಸುವ ಶಕ್ತಿ ಇರುವುದಿಲ್ಲ. ರಸ್ತೆಗಿಳಿಯುವಾಗ ಎರಡು ಬ್ರೇಕಿನ ಪೆಡಲುಗಳನ್ನು ಜೋಡಿಸುವ ಕೊಂಡಿಯಾದರೂ ಇದೆಯೇ ನೋಡಿ. ಅದಿಲ್ಲದೆ ಒಂದೇ ಪೆಡಲು ತುಳಿದರೆ ಟ್ರಾಕ್ಟರು ಗರಕ್ಕನೆ ಪಕ್ಕಕ್ಕೆ ತಿರುಗುತ್ತದೆ. ನೋಂದಣಿಯೂ ಹದಿನೈದು ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಿಸದ ಗಾಡಿಗೆ ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

ಎಲ್ಲ ಹಳೆಯ ಟ್ರಾಕ್ಟರುಗಳನ್ನೂ ಉಳಿಸಿಕೊಳ್ಳಿ ಎಂದೂ ಅಲ್ಲ. ಒಳ್ಳೆಯ ಬ್ಯಾಟರಿ, ಶುದ್ಧ ತಂತಿ, ಗಾಳಿಯಿಲ್ಲದ ಡೀಸೆಲ್ ಇದ್ದೂ ಬಿಳಿ ಹೊಗೆಯುಗುಳಿ ಹಿಡಿಯದಿದ್ದರೆ ಕಂಪ್ರೆಷನ್ ಅಳೆಸಬೇಕು. ಲೈನರು, ರಿಂಗು ಬದಲಿಸುವ ಖರ್ಚು ಒಂದು ಹಂಗಾಮಿನ ಬಾಡಿಗೆಯಲ್ಲಿ ಹುಟ್ಟುವುದಾದರೆ ಮಾಡಿಸಿ. ಬ್ಲಾಕೇ ಸೀಳಿದ್ದರೆ ಅಥವಾ ಬಿಡಿಭಾಗಕ್ಕಾಗಿ ಗುಜರಿ ಗುಜರಿ ಅಲೆಯಬೇಕಾಗಿದ್ದರೆ, ಮಮತೆ ಬಿಟ್ಟು ಮಾರುವುದೇ ಲೇಸು. ಅಪ್ಪ ತಂದದ್ದೆಂಬ ಮಾತು ಎಂಜಿನ್ನಿಗೆ ಗೊತ್ತಿಲ್ಲ.

ಉಳಿಸಿಕೊಂಡವರು ಮೇ ತಿಂಗಳಲ್ಲಿ ಒಂದು ದಿನ ಅದಕ್ಕೆ ಮೀಸಲಿಡಬೇಕು. ಬೇಸಿಗೆಯಲ್ಲಿ ಎತ್ತಿಗೆ ಹಿಂಡಿ ಹಾಕಿ ಮುಂಗಾರಿಗೆ ಸಜ್ಜು ಮಾಡುತ್ತಿದ್ದ ಊರು ನಮ್ಮದು; ಟ್ರಾಕ್ಟರಿಗೆ ಮಾತ್ರ ಮಳೆ ಬಿದ್ದ ಮೇಲೆ ಔಷಧ. ಕೆಲಸವಿಲ್ಲದ ತಿಂಗಳುಗಳಲ್ಲಿ ಬ್ಯಾಟರಿಯ ಒಂದು ತಂತಿ ಕಳಚಿಟ್ಟು, ತಿಂಗಳಿಗೊಮ್ಮೆ ಚಾರ್ಜು ಮಾಡಿಸಿ, ಬಟ್ಟಿ ಇಳಿಸಿದ ನೀರು ತುಂಬಿ. ಟ್ಯಾಂಕನ್ನು ಖಾಲಿ ಬಿಡದೆ ಡೀಸೆಲ್ ತುಂಬಿಡಿ, ಖಾಲಿ ಟ್ಯಾಂಕಿನ ಗೋಡೆಯಲ್ಲಿ ರಾತ್ರಿ ನೀರು ಹನಿಗಟ್ಟುತ್ತದೆ. ಫಿಲ್ಟರು, ಆಯಿಲು ಬದಲಿಸಿ. ಹದಿನೈದು ದಿನಕ್ಕೊಮ್ಮೆ ಚಾಲೂ ಮಾಡಿ ಎಂಜಿನ್ನು ಪೂರ್ತಿ ಕಾಯುವವರೆಗೆ ಓಡಿಸಿ. ಆಯುಧಪೂಜೆಯ ದಿನ ಹೇಗೂ ಟ್ರಾಕ್ಟರು ತೊಳೆದು, ಹೂ ಮುಡಿಸಿ, ಗಾಲಿಯಡಿ ನಿಂಬೆಹಣ್ಣು ಇಡುತ್ತೀರಿ. ಹಿಂಗಾರಿ ಬಿತ್ತನೆಯ ಹೊತ್ತೂ ಅದೇ. ಅಂದು ಕುಂಕುಮ ಹಚ್ಚುವ ಮುನ್ನ ಬ್ಯಾಟರಿಯ ತುದಿ ಉಜ್ಜಿ, ನ್ಯೂಟ್ರಲ್ ಸ್ವಿಚ್ಚು ಕೆಲಸ ಮಾಡುತ್ತಿದೆಯೇ ನೋಡಿ. ಸೀಟಿನಲ್ಲಿ ಕುಳಿತು, ಕ್ಲಚ್ಚನ್ನೂ ಬ್ರೇಕನ್ನೂ ಬಲವಾಗಿ ಒತ್ತಿ ಹಿಡಿದು, ಗೇರು ಹಾಕಿ ಕೀಲಿ ತಿರುಗಿಸಬೇಕು, ಮುಂದೆ ಯಾರೂ ಇರಬಾರದು. ಕ್ಲಚ್ಚಿಗೆ ಸ್ವಿಚ್ಚಿರುವ ಯಂತ್ರ ಹೀಗೆ ತಿರುಗುವುದು ಸಹಜ. ಆದರೆ ನ್ಯೂಟ್ರಲಿಗೆ ಸ್ವಿಚ್ಚಿರುವ ಯಂತ್ರ ತಿರುಗಿತೆಂದರೆ ಯಾರೋ ತಂತಿ ನೇರ ಮಾಡಿದ್ದಾರೆ. ಅಂದೇ ಎಲೆಕ್ಟ್ರಿಶಿಯನ್ನನ್ನು ಕರೆಸಿ.